ಕಾರಿನಡಿಯ ಅತ್ತಿಗೆ

ನನ್ನ ಅತ್ತಿಗೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೂ ಪ್ರತಿ ಮಳೆಗಾಲಕ್ಕೆ ಮುಂಚೆ, ನೈಟಿಯ ಮೇಲೆ ಅಣ್ಣನ ಹಳೆಯ ಶರ್ಟು ತೊಟ್ಟು, ಗೋಣಿ ಹಾಸಿಕೊಂಡು ಕಾರಿನಡಿ ಮಲಗುತ್ತಿದ್ದರು. ಹೊರಗೆ ಕಾಣುತ್ತಿದ್ದುದು ಪಾದಗಳು ಮಾತ್ರ. ಒಳಗಿನಿಂದ ಸೌಟಿನ ಹಿಡಿಯಲ್ಲಿ ತಗಡು ಬಡಿಯುವ ಸದ್ದು. ತುಕ್ಕು ಹಿಡಿದಲ್ಲಿ ಸದ್ದು ಮಂದವಾಗುತ್ತಿತ್ತು. “ಇಲ್ಲಿ ಜೀವ ಇಲ್ಲ ಮಾರಾಯ, ಗುರುತು ಹಾಕ್ಲಿಕ್ಕೆ ಸೀಮೆಸುಣ್ಣ ಕೊಡು” ಎನ್ನುತ್ತಿದ್ದರು.

ಕಾಸರಗೋಡಿನಿಂದ ಬಂದ ನಾವು ಫೋರ್ಟ್ ಕೊಚ್ಚಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿದ್ದೆವು. ಅಣ್ಣ ವಕೀಲ, ನನ್ನ ಕಚೇರಿ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಕೊಚ್ಚಿಯ ಉಪ್ಪುಗಾಳಿಗೆ ಬಾಗಿಲ ಚಿಲಕವೂ ಉಳಿಯುವುದಿಲ್ಲ. ಅಣ್ಣ ಕಾರು ಓಡಿಸುವವನು, ಅತ್ತಿಗೆ ಕಾಯುವವರು. ಮೇಲಿನ ಬಣ್ಣವನ್ನು ಅವರು ನೋಡುತ್ತಲೇ ಇರಲಿಲ್ಲ. “ಮೋರೆಗೆ ಪೌಡರ್ ಎಲ್ಲರೂ ಹಾಕ್ತಾರೆ, ಕಾಲು ತೊಳೀಲಿಕ್ಕೆ ಉದಾಸೀನ” ಎಂದು ನನ್ನ ಹೊಳೆಯುವ ಕಾರಿನತ್ತ ನೋಡುತ್ತಿದ್ದರು.

ತಳಕ್ಕೆ ತುಕ್ಕು ತಡೆಯುವ ಕಪ್ಪು ಲೇಪ ಹೊಡೆಸುವುದು ಮಟ್ಟಾಂಚೇರಿಯ ವರ್ಗೀಸನ ವರ್ಕ್‌ಶಾಪಿನಲ್ಲಿ. ತೊಳೆಯಬೇಕು, ಕೆರೆಯಬೇಕು, ಒಣಗಿಸಬೇಕು, ಆಮೇಲೆ ಲೇಪ. ಒಮ್ಮೆ ಅವನು ಅವಸರ ಮಾಡಿದಾಗ ಅತ್ತಿಗೆ ಸೆರಗಿನ ತುದಿಯಿಂದ ತಳ ಒರೆಸಿ, ಒದ್ದೆಯಾದ ಸೆರಗನ್ನು ಅವನ ಮುಖದ ಮುಂದೆ ಹಿಡಿದರು. ಅಂದಿನಿಂದ ಅವನಿಗೆ ಅವರು ಇನ್ಸ್‌ಪೆಕ್ಟರ್ ಚೇಚ್ಚಿ, ಅಂದರೆ ಇನ್ಸ್‌ಪೆಕ್ಟರ್ ಅಕ್ಕ.

ಒಂದು ಏಪ್ರಿಲ್‌ನಲ್ಲಿ, ಊರಿಗೆ ಹೋಗಿ ಬಂದ ವಾರದಲ್ಲೇ ಅಣ್ಣ ತೀರಿಕೊಂಡ. ಮೇ ತಿಂಗಳಲ್ಲಿ ಎಂದಿನಂತೆ ಕಾರು ವರ್ಗೀಸನಲ್ಲಿಗೆ ಹೋಯಿತು. ಓಡಿಸಿದ್ದು ನಾನು, ಪಕ್ಕದಲ್ಲಿ ಅತ್ತಿಗೆ. ಹಿಂದಿನ ಎಡ ಮಡ್‌ಗಾರ್ಡಿನೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಊರಿನ ಮನೆಯ ದಾರಿಯಲ್ಲಿ, ಬೇಸಿಗೆ ಮಳೆಗೆ ಚಕ್ರ ಹೂತಾಗ ಎದ್ದ ಕೆಸರು. ಆಗ ಅಣ್ಣ ಒಳಗೆ ಕೂತು ನಗುತ್ತಿದ್ದ, ಅತ್ತಿಗೆ ಹಿಂದಿನಿಂದ ತಳ್ಳಿದ್ದರು.

ವರ್ಗೀಸ್ ಕೆರೆಯುವ ಉಳಿ ಎತ್ತಿದ.

“ಅದು ಇರಲಿ. ಅದರ ಮೇಲೆಯೇ ಹೊಡಿ” ಎಂದರು ಅತ್ತಿಗೆ.

ಮಣ್ಣು ನೀರು ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ, ಚೇಚ್ಚಿಗೆ ಗೊತ್ತಿಲ್ಲದ್ದಲ್ಲವಲ್ಲ ಎಂದ. “ಗೊತ್ತುಂಟು” ಎಂದರು ಅತ್ತಿಗೆ, ಅವನಿಗಲ್ಲ, ನನಗೆ. ಅವನು ಹೊಡೆದ.

ಆಮೇಲೆ ಭಾನುವಾರಗಳಂದು ನಾನು ಆ ಕಾರನ್ನು ಒಂದು ಸುತ್ತು ಓಡಿಸಿ ತರುತ್ತಿದ್ದೆ. ಮರುವರ್ಷವೂ ಅತ್ತಿಗೆ ಗೋಣಿ ಹಾಸಿದರು, ಸೌಟು ಬಡಿದರು. ಹಿಂದಿನ ಎಡಮೂಲೆಗೆ ಮಾತ್ರ ಸೌಟು ಹೋಗಲಿಲ್ಲ. ಮೂರನೆಯ ಮಳೆಗಾಲಕ್ಕೆ ಆ ಮಡ್‌ಗಾರ್ಡು ವರ್ಗೀಸನ ಕೈಯಲ್ಲಿ ಪುಡಿಯಾಯಿತು. ತುಕ್ಕು ಒಳಗಿನ ಚೌಕಟ್ಟಿಗೂ ಇಳಿದಿತ್ತು. ಇನ್ನು ಇದು ರಸ್ತೆಗಿಳಿಯಬಾರದು ಎಂದ ವರ್ಗೀಸ್.

ಗುಜರಿಯವರು ಕಾರು ಎಳೆದೊಯ್ಯುವಾಗ ಆ ಮಣ್ಣಿನ ಹೆಂಟೆ ಅಂಗಳಕ್ಕೆ ಬಿತ್ತು. ಒಂದು ಮೈ ಕಪ್ಪು, ಒಂದು ಮೈ ಕೆಂಪು. ಮರುದಿನ ಅತ್ತಿಗೆ ತಿರುವನಂತಪುರದ ಮಗಳ ಮನೆಯಲ್ಲೇ ಇರಲು ಹೊರಡುವವರಿದ್ದರು. ಅದನ್ನು ಕಟ್ಟಿ ಕೊಡಲೇ ಎಂದು ಕೇಳಿದೆ.

“ಮಣ್ಣಲ್ವಾ ಮಾರಾಯ. ಗುಡಿಸು.”

ಗುಡಿಸಿದೆ. ಬೆಳಿಗ್ಗೆ ರೈಲು ಹತ್ತಿಸಿದೆ.

ಮುಂದಿನ ವರ್ಷ ತಿರುವನಂತಪುರದಿಂದ ಫೋನು ಬಂತು. ಹೋದೆ, ಅತ್ತಿಗೆಗೆ ಆಗಬೇಕಾದ ಕೊನೆಯ ಕೆಲಸಗಳಾದವು, ಬಂದೆ. ಮೇ ತಿಂಗಳಾದ್ದರಿಂದ ನನ್ನ ಕಾರನ್ನು ವರ್ಗೀಸನಲ್ಲಿಗೆ ಒಯ್ದೆ. ತೊಳೆದ, ಕೆರೆದ, ಒಣಗಿಸಿದ. ನಾನು ಹಿಂದಿನ ಎಡ ಮಡ್‌ಗಾರ್ಡಿನೊಳಗೆ ಕೈ ಹಾಕಿ ಬೆರಳಾಡಿಸಿದೆ. ಏನೂ ಇರಲಿಲ್ಲ.

ಹೊಡಿ ಎಂದೆ.