ಹೊರಗೆ ಕೂಡದ ತಿಂಗಳುಗಳು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ನನ್ನ ಗರ್ಭಕೋಶಕ್ಕೆ ಗುಟ್ಟು ಇಟ್ಟುಕೊಳ್ಳುವ ಸ್ವಾತಂತ್ರ್ಯವಿಲ್ಲ. ನನ್ನ ಮೊಬೈಲಿನ ಬೀಗ ಗಂಡನಿಗೂ ಗೊತ್ತಿಲ್ಲ. ಆದರೆ ಈ ತಿಂಗಳು ನಾನು ಯಾವಾಗ ಹೊರಗಾದೆ ಎಂಬುದು ಮಾವನವರಿಗೆ, ಹಾಲು ಕೊಳ್ಳಲು ಬರುವ ಪಕ್ಕದ ಮನೆಯವರಿಗೆ, ಬಹುಶಃ ನಮ್ಮ ಎಮ್ಮೆಗೂ ಗೊತ್ತಿರುತ್ತದೆ. ಏಕೆಂದರೆ ಹಲಬರ್ಗಾದ ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಅಡುಗೆ ಮನೆಗೂ ದೇವರ ಕೋಣೆಗೂ ಕಾಲಿಡುವಂತಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಂದು ಚಾಪೆ, ಒಂದು ತಾಟು, ಒಂದು ತಂಬಿಗೆ. ಅಲ್ಲಿ ಕೂತರೆ ಬಂದುಹೋಗುವವರಿಗೆಲ್ಲ ಬೇರೆ ಹೇಳಬೇಕಾಗಿಲ್ಲ.

ಇದರ ತಮಾಷೆ ನೋಡಿ. ಆ ಮೂರು ದಿನವೂ ನಾನು ಬೆಳಿಗ್ಗೆ ಬೀದರಿನ ಬಸ್ಸು ಹತ್ತುತ್ತೇನೆ, ಊರವರೆಲ್ಲರ ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತೇನೆ, ಕಾಲೇಜಿನಲ್ಲಿ ಇತಿಹಾಸದ ಪಾಠ ಮಾಡುತ್ತೇನೆ. ಆಗ ಯಾರಿಗೂ ಏನೂ ಆಗುವುದಿಲ್ಲ. ಸಂಜೆ ಮನೆಗೆ ಬಂದು ಉಪ್ಪಿನಕಾಯಿಯ ಭರಣಿ ಮುಟ್ಟಿದರೆ ಮಾತ್ರ ಅದು ಕೆಡುತ್ತದೆ. ಸೂತಕವೇ ಇಲ್ಲ ಎಂದು ಸಾರಿದ ಶರಣರು ಓಡಾಡಿದ ಜಿಲ್ಲೆ ನಮ್ಮದು. ತರಗತಿಯಲ್ಲಿ ಈ ವಿಷಯ ಬಂದಾಗ ನನ್ನ ದನಿ ಗಂಟೆಯಂತೆ ಮೊಳಗುತ್ತದೆ. ಹಲಬರ್ಗಾದಲ್ಲಿ ಬಸ್ಸಿಳಿದು ಮನೆ ಹೊಕ್ಕೊಡನೆ ಅದೇ ನಾನು ಸುಮ್ಮನೆ ಹೋಗಿ ಚಾಪೆಯ ಮೇಲೆ ಕೂಡುತ್ತೇನೆ. ಧೈರ್ಯಕ್ಕೂ ಒಂದು ಕೊನೆಯ ಸ್ಟಾಪು ಇರುತ್ತದೆ.

ಈ ಪದ್ಧತಿ ನನ್ನನ್ನು ನಿಜವಾಗಿ ಸಿಕ್ಕಿಸಿ ಹಾಕಿದ್ದು, ನನ್ನ ಮುಟ್ಟು ನಿಂತಾಗ.

ಮಗಳು ಹುಟ್ಟಿದಾಗ ನನಗೆ ವಿಪರೀತ ರಕ್ತಸ್ರಾವವಾಯಿತು. ಬೀದರಿನ ದವಾಖಾನೆಯಲ್ಲಿ ಬಾಟಲಿಗಟ್ಟಲೆ ರಕ್ತ ಏರಿಸಿದರು. ಬಿಡುಗಡೆ ಮಾಡುವಾಗ ಡಾಕ್ಟರಬಾಯಿ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು, ಇನ್ನು ಮೂರು ವರ್ಷ ಬಸಿರಿನ ಮಾತೆತ್ತಬಾರದು, ಎತ್ತಿದರೆ ಜೀವಕ್ಕೇ ಬರಬಹುದು ಎಂದರು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಸೂಜಿ ಇದೆ ಎಂದೂ ಅವರೇ ಹೇಳಿದರು. ಗುಳಿಗೆಯಾದರೆ ದಿನಾ ನುಂಗಬೇಕು, ಎಲ್ಲಿಯಾದರೂ ಅಡಗಿಸಿಡಬೇಕು. ನಮ್ಮ ಮನೆಯಲ್ಲಿ ಅತ್ತೆಯ ಕೈ ಹೋಗದ ಡಬ್ಬಿಯೇ ಇಲ್ಲ. ಸೂಜಿಯಾದರೆ ಹಾಕಿಸಿಕೊಂಡ ಮೇಲೆ ಮೈಯಲ್ಲಿ ಗುರುತೂ ಇರುವುದಿಲ್ಲ. ಗಂಡ ಹ್ಞೂಂ ಎಂದರು. ಮೊಮ್ಮಗನ ಆಸೆ ಇಟ್ಟುಕೊಂಡ ಮನೆ. ಸೂಜಿಯ ವಿಷಯ ಹಿರಿಯರಿಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಗುಟ್ಟಾಗಿ ತೀರ್ಮಾನಿಸಿದೆವು.

ಈ ಸೂಜಿಯ ಕೆಲಸ ಸರಳ. ಅದರಲ್ಲಿರುವ ಹಾರ್ಮೋನು ಅಂಡಾಶಯಕ್ಕೆ ಸ್ವಲ್ಪ ದಿನ ಮಲಗಿರು ಎನ್ನುತ್ತದೆ. ಅಂಡ ಹೊರಬರುವುದಿಲ್ಲ, ಬಸಿರು ನಿಲ್ಲುವುದಿಲ್ಲ. ಗರ್ಭಕೋಶದ ಒಳಪದರವೂ ದಪ್ಪವಾಗಿ ಬೆಳೆಯದೆ ತೆಳ್ಳಗೇ ಉಳಿಯುತ್ತದೆ; ಕಳಚಿ ಬೀಳಲು ಏನೂ ಇಲ್ಲದ ಮೇಲೆ ಮುಟ್ಟು ಎಲ್ಲಿಂದ ಬರಬೇಕು? ರಕ್ತ ಒಳಗೇ ಕಟ್ಟಿಕೊಂಡು ತಲೆಗೇರುತ್ತದೆ ಎಂದು ನಮ್ಮ ಕಡೆ ಹೆದರುತ್ತಾರೆ. ಕಟ್ಟಿಕೊಳ್ಳಲು ಅಲ್ಲಿ ರಕ್ತವೇ ಕೂಡಿರುವುದಿಲ್ಲ. ಗುಳಿಗೆ ನುಂಗುವವರಿಗೆ ತಿಂಗಳಿಗೊಮ್ಮೆ ಬರುವುದೂ ನಿಜವಾದ ಮುಟ್ಟಲ್ಲವಂತೆ. ಪೊಟ್ಟಣದ ಕೊನೆಯ ಕಂದು ಗುಳಿಗೆಗಳು ಬರೀ ಕಬ್ಬಿಣದವು. ಆ ದಿನಗಳಲ್ಲಿ ಹಾರ್ಮೋನು ಇಲ್ಲದ್ದರಿಂದ ಸ್ವಲ್ಪ ರಕ್ತ ಹೋಗುತ್ತದೆ, ಅಷ್ಟೆ. ಇದನ್ನೆಲ್ಲ ನನಗೆ ಡಾಕ್ಟರಬಾಯಿ ಬಿಡಿಸಿ ಹೇಳಿದ್ದರು. ನಮ್ಮ ಪಡಸಾಲೆಯ ಚಾಪೆಗೆ ಮಾತ್ರ ಯಾರೂ ಹೇಳಿರಲಿಲ್ಲ.

ಮೊದಲ ಸೂಜಿಯ ನಂತರ ಹೊತ್ತುಗೊತ್ತಿಲ್ಲದೆ ಒಂದಿಷ್ಟು ಕಲೆ ಕಾಣಿಸಿಕೊಳ್ಳುತ್ತಿತ್ತು. ಒಂದೇ ತಿಂಗಳಲ್ಲಿ ಎರಡು ಸಲ ಹೊರಗೆ ಕೂತೆ. ಅತ್ತೆ, "ಇದೇನವ್ವಾ, ನಿಂದು ಸಿಟಿ ಬಸ್ ಆಗ್ಯಾದ, ಯಾವಾಗ ಬೇಕು ಆವಾಗ ಬರ್ತದ" ಎಂದು ಗೊಣಗಿದರು. ಆಮೇಲೆ ಅದೂ ನಿಂತಿತು. ನಾನು ಹಾಯಾಗಿದ್ದೆ.

ಆ ಹಾಯಿಯಲ್ಲೇ ಲೆಕ್ಕ ತಪ್ಪಿತು. ಮುಂದಿನ ಸೂಜಿಯ ದಿನ ಎಳ್ಳಮಾವಾಸ್ಯೆಯ ಗದ್ದಲಕ್ಕೆ ಸಿಕ್ಕಿಬಿತ್ತು. ಮನೆಮಂದಿಯೆಲ್ಲ ಹೊಲಕ್ಕೆ ಹೊರಟಿರುವಾಗ, ಹಬ್ಬದ ಭಜ್ಜಿ ಪಲ್ಯಕ್ಕೆ ಕಾಳು ಬಿಡಿಸುತ್ತ ಕೂತ ಸೊಸೆ ಬೀದರಿನಲ್ಲಿ ಕೆಲಸವಿದೆ ಎಂದರೆ ಏನು ಕೆಲಸ ಎಂದು ಕೇಳದೆ ಬಿಡುತ್ತಾರೆಯೇ? ಆಮೇಲೆ ಪರೀಕ್ಷೆ, ಆಮೇಲೆ ಮಗಳಿಗೆ ಜ್ವರ. ಸ್ವಲ್ಪ ತಡವಾದರೂ ನಡೆಯುತ್ತದೆ, ತೀರಾ ತಡವಾದರೆ ನಂಬಬೇಡ ಎಂದಿದ್ದರು ಡಾಕ್ಟರಬಾಯಿ. ಬಹಮನಿ ಸುಲ್ತಾನರ ಇಸವಿಗಳನ್ನು ನಿದ್ದೆಗಣ್ಣಲ್ಲೂ ಒಪ್ಪಿಸುವ ನಾನು ನನ್ನ ತಾರೀಕು ನೆನಪಿಸಿಕೊಳ್ಳುವ ಹೊತ್ತಿಗೆ ಆ ತೀರಾ ತಡವೂ ದಾಟಿಹೋಗಿತ್ತು.

ಸರಿಯಾಗಿ ಆಗಲೇ ಅತ್ತೆಗೆ ಹೊಳೆಯಿತು, ಸೊಸೆ ಚಾಪೆ ಹಾಸಿ ಬಹಳ ದಿನವಾಯಿತೆಂದು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ತಾಟಿಗೆ ತುಪ್ಪ ಹೆಚ್ಚು ಬೀಳತೊಡಗಿತು, ನೀರಿನ ಕೊಡ ನನ್ನ ಕೈಯಿಂದ ಕಸಿದುಕೊಂಡರು. ಅತ್ತೆ ದೇವರ ಮುಂದೆ ಕಣ್ಣು ಮುಚ್ಚಿ ಕೂಡುವುದು ಬರಬರುತ್ತ ಉದ್ದವಾಯಿತು. ಎರಡೇ ದಿನದಲ್ಲಿ ನನ್ನ ಗಂಡನ ಅಕ್ಕನಿಂದ ಫೋನು. ಭಾಲ್ಕಿಯಲ್ಲಿ ಇರುವುದರಿಂದ ನಾವು ಅವರನ್ನು ಭಾಲ್ಕಿ ಅಕ್ಕ ಎನ್ನುತ್ತೇವೆ.

"ಏನವಾ ತಂಗಿ, ದಿನಾ ಹೋಗ್ಯಾವಂತಲ್ಲ! ನಮ್ಗ ಹೇಳ್ಲಾರ್ದೇ ಮುಚ್ಚಿಡ್ತಿದ್ದಿ ಏನು? ಈ ಸಲ ಗಂಡೇ, ನಾ ಹೇಳ್ತೇನಿ ನೋಡು."

ಭಾಲ್ಕಿ ಅಕ್ಕನಿಗೆ ಗೊತ್ತಾದದ್ದು ಔರಾದಿಗೆ ತಲುಪಲು ತಡವಾಗುವುದಿಲ್ಲ. ಸಂಜೆಯ ಹೊತ್ತಿಗೆ ಔರಾದಿನ ಕಡೆಯ ನನ್ನ ತವರು ಡಾಬಕಾದಿಂದ ಅವ್ವ ಫೋನು ಮಾಡಿ ಅತ್ತಳು. "ಮಗಳ, ಖರೇ ಏನು? ಡಾಕ್ಟರಬಾಯಿ ಹೇಳಿದ್ದು ಮರ್ತಿ ಏನು?" ಇಡೀ ಜಿಲ್ಲೆಗೆ ಗೊತ್ತಿದ್ದ ಸಂಗತಿ ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಭಯವಾಗಿತ್ತು. ಮುಟ್ಟು ಬರದಿರಲು ಹಳೆಯ ಸೂಜಿಯೂ ಕಾರಣವಾಗಿರಬಹುದು, ಬಸಿರೂ ಆಗಿರಬಹುದು. ಎರಡಕ್ಕೂ ಹೊರಗಿನ ಗುರುತು ಒಂದೇ. ಬಾಯಿ ಕಹಿಯಾದರೆ ಬಸಿರು ಎನಿಸುತ್ತಿತ್ತು, ಹಸಿವಾದರೂ ಬಸಿರೇ ಎನಿಸುತ್ತಿತ್ತು. ಗಂಡನನ್ನು ಆಗಲೇ ಪಡಸಾಲೆಗೆ ಅಟ್ಟಿಬಿಟ್ಟಿದ್ದೆ. ಅವರು ಪಾಪ, ನನ್ನ ಚಾಪೆಯ ಮೇಲೆಯೇ ಮಲಗುತ್ತಿದ್ದರು. ಮೂತ್ರ ಪರೀಕ್ಷೆಯ ಪಟ್ಟಿ ತರೋಣವೆಂದರೆ ಹಲಬರ್ಗಾದ ಔಷಧಿ ಅಂಗಡಿ ಮಾವನವರ ಗೆಳೆಯರದು, ಬೀದರಿನ ಅಂಗಡಿಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು "ನಮಸ್ಕಾರ ಮೇಡಂ, ಏನ್ ಕೊಡ್ಲಿರಿ?" ಎನ್ನುತ್ತಾರೆ. ನಾನು ಎರಡು ಸಲ ಕೆಮ್ಮಿನ ಔಷಧಿ ಕೊಂಡು ಬಂದೆ.

ಒಂದು ವಾರ ಹೀಗೇ ಕಳೆದ ಮೇಲೆ ಅತ್ತೆಯೇ, "ನಡಿ, ದವಾಖಾನಿಗಿ ಹೋಗಿ ತೋರ್ಸ್ಕೊಂಡು ಬರಾಣು. ನಾ ಸಂಗಟ ಬರ್ತೇನಿ" ಎಂದರು. ಬೇಡವೆಂದರೆ ಅನುಮಾನ ಬರುತ್ತದೆಂದು ಹೊರಟೆ. ಬೀದರಿನಲ್ಲಿ ಆಟೋ ಏರಿ, ಚೀಟಿ ಮಾಡಿಸಿ, ಮೂತ್ರ ಕೊಟ್ಟು ಬೆಂಚಿನ ಮೇಲೆ ಕೂತೆವು. ಅತ್ತೆಯ ತುಟಿ ಅಲುಗುತ್ತಿತ್ತು. ಗಂಡುಮಗು ಬೇಡುತ್ತಿದ್ದಾರೆ ಎಂದುಕೊಂಡೆ. ನಾನೂ ಅದೇ ದೇವರಿಗೆ ಬಸಿರೇ ಬೇಡ ಎಂದು ಬೇಡುತ್ತಿದ್ದೆ. ಆ ದೇವರ ಪಾಡು ನೆನೆದು ಅಷ್ಟು ಸಂಕಟದಲ್ಲೂ ಕನಿಕರ ಬಂತು.

ಒಳಗೆ ನನ್ನೊಬ್ಬಳನ್ನೇ ಕರೆದರು. ಡಾಕ್ಟರಬಾಯಿ ಚೀಟಿ ನೋಡಿ ಬಸಿರಿಲ್ಲ ಎಂದರು. ಸೂಜಿ ಇವತ್ತೇ ಹಾಕಿಸಿಕೋ, ಇನ್ನೊಂದು ವಾರ ಬೇರೆ ಎಚ್ಚರಿಕೆಯೂ ಇರಲಿ, ಮುಂದಿನ ಸಲ ತಡ ಮಾಡಿದರೆ ನನ್ನ ಹತ್ತಿರ ಬರಬೇಡ ಎಂದು ಗದರಿದರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ. ಸೂಜಿ ಹಾಕಿಸಿಕೊಂಡು ಹೊರಬಂದರೆ ಅತ್ತೆ ಎದ್ದು ನಿಂತಿದ್ದರು.

"ಏನಂದ್ರು?"

"ಇಲ್ಲಂತರಿ, ಅತ್ತಿ."

ಅವರು ಧೊಪ್ಪನೆ ಬೆಂಚಿನ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದರು. ಸಮಾಧಾನ ಹೇಳಲು ಬಗ್ಗಿದರೆ ಅವರೇ ನನ್ನ ಮುಂಗೈ ಹಿಡಿದರು.

"ಉಳದ್ಯವ್ವಾ, ಉಳದಿ. ಇದೇ ದವಾಖಾನಿದಾಗ ನಿಂದು ಬಟ್ಟಿ ಹಿಂಡೀನಿ ನಾ. ರಕ್ತ ಹೋಗಾದು ನಿಲ್ವಲ್ದಾಗಿತ್ತು, ಕಣ್ಣಾರೆ ನೋಡೀನಿ. ಬ್ಯಾಡಪಾ ದೇವ್ರೇ, ಈಗ ಬ್ಯಾಡ ಅಂತ ದಿನಾ ಬೇಡ್ಕೋತಿದ್ದೆ. ಮಂದಿ ಮುಂದ ಹ್ಯಾಂಗ ಹೇಳ್ಲಿ?"

ನನಗೆ ಅಳು ತಡೆಯಲಿಲ್ಲ. ಅಲ್ಲೇ ಕೂತು ಸೂಜಿಯ ಕತೆಯನ್ನೆಲ್ಲ ಹೇಳಿದೆ. ಮುಟ್ಟು ಬರುವುದೇ ಇಲ್ಲ, ಅದರಿಂದ ಕೇಡಿಲ್ಲ, ಬಿಟ್ಟ ಕೆಲವು ತಿಂಗಳಿಗೆ ಎಲ್ಲ ಮೊದಲಿನಂತೆ ಆಗುತ್ತದೆ ಎಂದೆ. ಅತ್ತೆ ಮೂಗು ಒರೆಸಿಕೊಂಡು ಯೋಚಿಸಿದರು. ಹಲಬರ್ಗಾದ ದೊಡ್ಡ ಸಂಸಾರ ನಡೆಸಿದ ತಲೆ ಅದು.

"ಹಂಗಾದ್ರ ನೀ ತಿಂಗ್ಳಾ ತಿಂಗ್ಳಾ ಹೊರಗ ಕೂಡು. ಇಲ್ಲಂದ್ರ ಭಾಲ್ಕಿಯಾಕಿ ಮತ್ತ ಲೆಕ್ಕ ಹಾಕ್ತಾಳ. ಅಡ್ಗಿ ನಾ ನೋಡ್ಕೋತೇನಿ."

ಈಗ ನಮ್ಮ ಮನೆಯಲ್ಲಿ ನನ್ನ ಮುಟ್ಟಿನ ದಿನವನ್ನು ಅತ್ತೆ ಗೊತ್ತುಮಾಡುತ್ತಾರೆ. ಭಾಲ್ಕಿ ಅಕ್ಕ ಬರುತ್ತಾರೆಂದರೆ ಹಿಂದಿನ ದಿನವೇ ನಾನು ಹೊರಗಾಗುತ್ತೇನೆ. ಉತ್ತರ ಪತ್ರಿಕೆಗಳ ಗಂಟು ಬಂದರೂ ಆಗುತ್ತೇನೆ. ಹನಿ ರಕ್ತವಿಲ್ಲದೆ ಚಾಪೆಯ ಮೇಲೆ ಕೂತು, ಅತ್ತೆ ದೂರದಿಂದ ಜಾರಿಸುವ ತಾಟಿನಲ್ಲಿ ಬಿಸಿ ರೊಟ್ಟಿ ತಿನ್ನುತ್ತೇನೆ. ತರಗತಿಯಲ್ಲಿ ಶರಣರ ವಿಷಯ ಬಂದಾಗ ದನಿ ಸ್ವಲ್ಪ ತಗ್ಗಿಸುತ್ತೇನೆ.

ಮೊನ್ನೆ ಮಾವನವರು ಹೊಲಕ್ಕೆ ಹೋಗಿದ್ದರು, ಮಗಳು ಮಲಗಿದ್ದಳು. ಅತ್ತೆ ರೊಟ್ಟಿ ಕೊಟ್ಟವರು ಒಳಗೆ ಹೋಗದೆ ಹೊಸ್ತಿಲ ಮೇಲೆ ಕೂತರು. ಎಂಟು ಹೆತ್ತು ನಾಲ್ವರನ್ನು ಉಳಿಸಿಕೊಂಡವರು ಅವರು. ನನ್ನ ತೋಳನ್ನೇ ನೋಡುತ್ತಿದ್ದರು.

"ಆ ಸೂಜಿ ಭಾಳ ನೋಯ್ತದೇನವ್ವಾ?"

"ಇಲ್ಲರಿ ಅತ್ತಿ. ಇರುವಿ ಕಡದಂಗ ಆಗ್ತದ, ಅಷ್ಟೇರಿ."

"ಅಷ್ಟೇನಾ?" ಎಂದರು ಅತ್ತೆ. ಆಮೇಲೆ ಮತ್ತೊಮ್ಮೆ, ನನಗಲ್ಲ, ತಮಗೇ ಎಂಬಂತೆ ಕೇಳಿಕೊಂಡರು: "ಅಷ್ಟೇನಾ?"