ಕಪ್ಪು ಮೂಲೆಯ ಕಾರ್ಡು

ತಾತನಿಗೆ ಬಂದ ಕಾಗದಗಳೆಲ್ಲ ಒಂದೇ ತಂತಿಯಲ್ಲಿದ್ದವು. ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಬಂದದ್ದನ್ನು ಓದಿ ನಡುವೆ ಚುಚ್ಚಿಬಿಡುವುದು, ಹೊಸದು ಮೇಲೆ, ಹಳೆಯದು ತಳಕ್ಕೆ. ಮೂವತ್ತೊಂದು ಇದ್ದವು ಎಂದು ನನ್ನ ನೆನಪು. ಅಮ್ಮ ಇಪ್ಪತ್ತಾರು ಅನ್ನುತ್ತಾಳೆ. ಈಗ ಎಣಿಸಿದರೆ ಗೊತ್ತಾಗುತ್ತದೆ, ಆದರೆ ಈಗ ಒಂದು ಕಡಿಮೆ.

ತಾತ ಕೊನೆಯವರೆಗೂ ದೊಡ್ಡಬಳ್ಳಾಪುರದಲ್ಲಿ ನಮ್ಮ ಜೊತೆಯೇ ಇದ್ದ. ಅವನ ಟ್ರಂಕಿನ ಬೀಗದ ಕೈ ಅವನ ಉಡಿದಾರದಲ್ಲಿರುತ್ತಿತ್ತು. ಸತ್ತಾಗ ಸ್ನಾನ ಮಾಡಿಸುವ ಹೊತ್ತಿನಲ್ಲಿ ಯಾರೋ ಅದನ್ನು ಬಿಚ್ಚಿ ಅಮ್ಮನ ಕೈಗೆ ಕೊಟ್ಟರು. ಯಾರೋ ಅಂದೆ, ನಾನೇ ಇರಬಹುದು. ಮೂರು ತಿಂಗಳು ಅಮ್ಮ ಅದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿಟ್ಟಿದ್ದಳು. ತೆರೆದಾಗ ಸಿಕ್ಕಿದ್ದು ಈ ತಂತಿ, ಮಗ್ಗದ ಸವೆದ ಒಂದು ಲಾಳಿ, ಗುಂಡಿಗಳಿಲ್ಲದ ಕೋಟು, ಹೆಂಗಸರು ಬಳಸುವ ಒಂದು ಮರದ ಬಾಚಣಿಗೆ. ಬಾಚಣಿಗೆಯಲ್ಲಿ ಕೂದಲಿರಲಿಲ್ಲ. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

ಅಮ್ಮನಿಗೆ ಒಂದೂವರೆ ವರ್ಷವಾಗಿದ್ದಾಗ ಅವಳ ತಾಯಿ, ಅಂದರೆ ನನ್ನ ಅಜ್ಜಿ, ಸಾಸಲಿನ ತವರಿನಲ್ಲಿ ಜ್ವರ ಬಂದು ಹೋದಳು. ಫೋಟೋ ಇಲ್ಲ. ತಾತ ಅವಳ ಬಗ್ಗೆ ಮಾತಾಡಿದ್ದೂ ಇಲ್ಲ. ಅಮ್ಮ ಕೇಳಿದಾಗಲೆಲ್ಲ "ಇದ್ಲು ಕಣವ್ವ" ಅನ್ನುತ್ತಿದ್ದ, ಅಷ್ಟೆ. ಅಜ್ಜಿಗೆ ಓದುಬರಹ ತಿಳಿಯದು. ಹೆರಿಗೆಗೆ ಸಾಸಲಿಗೆ ಹೋಗಿ ಅಲ್ಲಿದ್ದಷ್ಟು ದಿನವೂ, ಇಲ್ಲಿ ಮಗ್ಗಕ್ಕೆ ಹೋಗುತ್ತಿದ್ದ ಗಂಡನಿಗೆ ತನ್ನ ತಮ್ಮನ ಕೈಯಲ್ಲಿ ಕಾಗದ ಬರೆಸುತ್ತಿದ್ದಳಂತೆ. ಆ ತಮ್ಮ, ಅಮ್ಮನ ಸೋದರಮಾವ, ಈಗಲೂ ಸಾಸಲಿನಲ್ಲಿ ರಾಗಿ ಬೆಳೆದುಕೊಂಡಿದ್ದಾರೆ.

"ನನ್ನ ವಿಷ್ಯ ಏನಾದ್ರೂ ಬರ್ಸಿರ್ತಾಳೆ. ಒಂದು ಸಾಲು ಸಾಕು," ಅಂದಳು ಅಮ್ಮ. ಅರವತ್ತು ದಾಟಿದ ಹೆಂಗಸು ಹಾಗೆ ಕೇಳುವಾಗ ಎದುರಿಗೆ ಕೂತಿರುವುದು ಕಷ್ಟ.

ಒಂದು ಭಾನುವಾರ ಸೋದರಮಾವನಿಗೆ ಬರಹೇಳಿದೆವು. ಎಲ್ಲರೂ ಕೂತು ಓದುವುದು ಎಂದು ಮಾತಾಗಿತ್ತು. ಅವರು ಬರುವ ಮೊದಲು ಧೂಳು ಒರೆಸೋಣವೆಂದು ಬೆಳಿಗ್ಗೆ ನಾನು ತಂತಿಯನ್ನು ಹಜಾರದಲ್ಲಿ ಹರಡಿದ ಪೇಪರಿನ ಮೇಲಿಟ್ಟೆ. ತಳದಿಂದ ಮೂರನೆಯ ಕಾರ್ಡು ವಿಳಾಸದ ಮುಖ ಮೇಲಾಗಿತ್ತು. ಅದರ ಒಂದು ಮೂಲೆ ಕಪ್ಪಗಿತ್ತು.

ನಮ್ಮ ಕಡೆ ಮದುವೆ, ಹೆರಿಗೆಯ ಸುದ್ದಿಗೆ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು, ಸಾವಿನ ಸುದ್ದಿಗೆ ಮಸಿ. ಮಸಿಯದನ್ನು ಓದಿದ ಕೂಡಲೇ ಹರಿದು ಹೊರಗೆ ಹಾಕಿ, ಕೈಕಾಲು ತೊಳೆದು ಒಳಗೆ ಬರಬೇಕು. ಮನೆಯಲ್ಲಿಟ್ಟರೆ ಇನ್ನೊಂದು ಸಾವು ಬರುತ್ತದೆ ಎಂದು ನಂಬಿಕೆ.

ಅಮ್ಮ ದೂರದಿಂದಲೇ ನೋಡಿದಳು. "ನಮ್ಮವ್ವ ಸತ್ತಿದ್ದು ಅದು."

"ತಡಿ, ನೋಡ್ತೀನಿ."

"ತಿರುಗಿಸ್ಬೇಡ. ಓದಿ ಹೇಳ್ಬೇಡ ನಂಗೆ. ಹರಿದಾಕ್ಬಿಡು. ಇಷ್ಟು ವರ್ಷ ಇದನ್ನ ಮನೇಲಿ ಮಡಿಕ್ಕೊಂಡಿದ್ನಲ್ಲ ನಮ್ಮಪ್ಪ."

ಇಂಥವನ್ನು ನಾನು ನಂಬುವುದಿಲ್ಲ, ಅಮ್ಮನ ಮುಖ ನೋಡಿ ಹರಿದೆ. ಇದು ಪೂರ್ತಿ ನಿಜವಲ್ಲ. ಆ ಸುದ್ದಿಯನ್ನು ಓದುವುದು ನನಗೂ ಬೇಡವಾಗಿತ್ತು. ಎರಡಾಗಿ ಹರಿದೆ, ನಾಲ್ಕಾಗಿ ಹರಿದೆ, ಆಮೇಲೆ ಇನ್ನೂ ಚಿಕ್ಕದಾಗಿ. ಬೀದಿಯಲ್ಲಿ ಕಸದ ಆಟೊ ನಿಂತಿತ್ತು. ಹಾಕಿ ಬಂದು ಹಿತ್ತಲಿನಲ್ಲಿ ಸೋಪು ಹಚ್ಚಿ ಕೈ ತೊಳೆದೆ. ಅಮ್ಮನೂ ತೊಳೆದಳು, ಅವಳು ಮುಟ್ಟಿರಲೇ ಇಲ್ಲ.

ಹನ್ನೊಂದಕ್ಕೆ ಸೋದರಮಾವ ಬಂದರು, ಹೆಗಲಲ್ಲಿ ಅವರೆಕಾಯಿಯ ಚೀಲ.

"ಏನವ್ವ, ಅಪ್ಪನ ಟ್ರಂಕಲ್ಲಿ ಚಿನ್ನ ಸಿಗ್ಲಿಲ್ವಾ?"

"ನಿನ್ನ ಕಾಗೆ ಕಾಲು ಸಿಕ್ತು ಮಾವ, ಓದು ಬಾ," ಅಂದಳು ಅಮ್ಮ.

ಅವರು ಕನ್ನಡಕ ಏರಿಸಿ ತಮ್ಮದೇ ಅಕ್ಷರಗಳೊಂದಿಗೆ ಒದ್ದಾಡಿದರು. "ಇದ್ಯಾವನು ಬರ್ದಿದ್ದು? ಮೇಷ್ಟ್ರು ನಂಗೆ ಹೊಡೀತಿದ್ದಿದ್ದು ಸರೀನೇ ಅದೆ." ಎಮ್ಮೆ ಈಯಿತು. ಮಳೆ ಹೋಯಿತು. ಅಪ್ಪನಿಗೆ ಮಂಡಿ ನೋವು. ಬರುವಾಗ ಹುರಿಗಡಲೆ ತರುವುದು. ಒಂದೊಂದಕ್ಕೂ ಅಮ್ಮ ಮುಂದಕ್ಕೆ ಬಾಗುತ್ತಿದ್ದಳು, ಮುಗಿದಾಗ ಹಿಂದಕ್ಕೆ ಸರಿಯುತ್ತಿದ್ದಳು. ಕೊನೆಯ ಕಾರ್ಡಿಗೆ ಬಂದ ಸೋದರಮಾವ ಮತ್ತೆ ಮೇಲಿನಿಂದ ಹುಡುಕತೊಡಗಿದರು.

"ಕಾಡಿಗೆ ಕಾರ್ಡು ಎಲ್ಲವ್ವ?"

"ಯಾವ ಕಾಡಿಗೆ ಕಾರ್ಡು?"

"ನೀನು ಹುಟ್ದಾಗ ಬರ್ಸಿದ್ದು. ನಾನು ಅರಿಶಿನ ಹಚ್ಚಕ್ಕೋದ್ರೆ ನಮ್ಮಕ್ಕ ಬುಡ್ಲಿಲ್ಲ. 'ಅರಿಶಿನ ಕಂಡ್ರೆ ದಾರೀಲಿರೋರೆಲ್ಲಾ ಓದ್ತಾರೆ ಕಣ್ಲಾ, ನನ್ನ ಮಗೀಗೆ ದೃಷ್ಟಿ ಆಯ್ತದೆ' ಅಂದ್ಬುಟ್ಟು, ನಿನ್ನ ಕೆನ್ನೆಗಿಟ್ಟಿದ್ದ ಕಾಡಿಗೇನೇ ಬೆರಳಲ್ಲಿ ತಗಂಡು ಮೂಲೆಗೆ ಒತ್ತುದ್ಲು. ನಮ್ಮಪ್ಪಂಗೆ ಗೊತ್ತಾಗೋ ಹೊತ್ಗೆ ಕಾರ್ಡು ಡಬ್ಬಕ್ಕೆ ಬಿದ್ದೋಗಿತ್ತು." ಅವರು ನಗತೊಡಗಿದರು. "ಭಾವ ಆ ಕಪ್ಪು ನೋಡಿದ್ದೇ, ತಿರುಗ್ಸೂ ನೋಡ್ದೆ ಬಸ್ ಹತ್ಕಂಡು ಬಂದವ್ನೆ. ಬಾಗಿಲಾಗೇ ಕುಕ್ಕರ್ಸಿ ಗೋಳೋ ಅಂತಾವ್ನೆ. ಒಳಗ್ಲಿಂದ ನಮ್ಮಕ್ಕ, 'ಯಾರು ಸತ್ರು ಅಂತ ಅಳ್ತಾ ಇದೀಯ, ಮಗೀಗೆ ಎಚ್ಚರ ಆಯ್ತದೆ, ಸುಮ್ಕಿರು' ಅಂತಾಳೆ."

ನಗುತ್ತಿರುವುದು ತಾವೊಬ್ಬರೇ ಎಂದು ಅವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಏನು ಬರ್ಸಿದ್ಲು ಮಾವ, ಅದ್ರಲ್ಲಿ?" ಅಮ್ಮನ ದನಿ ಸಣ್ಣಗಿತ್ತು.

"ಹೆಣ್ಮಗ, ನಿಮ್ಮಂಗೇ ಮೂಗು ಅಂತ. ಇಲ್ಲ, ಮೂಗಿಂದು ನಮ್ಮವ್ವ ಅಂದಿದ್ದಿರ್ಬೇಕು. ಅಕ್ಕ ಏನೋ ಬೇರೆ ಹೇಳುದ್ಲು, ಅದ್ನ ಬರ್ಯಕ್ಕೆ ನಂಗೆ ನಾಚ್ಕೆ ಆಗಿತ್ತು, ಆದ್ರೂ ಬರ್ಸಿದ್ಲು. ಏನದು... ಹನ್ನೆರಡು ವರ್ಷ ನಂಗೆ ಆವಾಗ. ಕಾರ್ಡು ಕೊಡು, ಓದ್ಬುಡ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, "ನಾನೇ ಹರಿಸ್ದೆ ಮಾವ. ಬೆಳಿಗ್ಗೆ."

ಸೋದರಮಾವ ಕನ್ನಡಕ ತೆಗೆದರು. "ಭಾವ ಸಾವಿನ ಕಾಗ್ದಾನ ತಂತಿಗೆ ಚುಚ್ಚೋನಲ್ಲ ಕಣವ್ವ," ಎಂದರು. ಬೈಗುಳದಂತಲ್ಲ, ತಮಗೇ ಹೇಳಿಕೊಂಡಂತೆ. ಅದು ನನಗೂ ಗೊತ್ತಿದ್ದ ಸಂಗತಿ. ತಳದಿಂದ ಮೂರನೆಯ ಕಾರ್ಡು ಎಂದರೆ ಯಾವ ಕಾಲದ್ದೆಂದೂ ಯೋಚಿಸಬಹುದಿತ್ತು, ಅದರ ಮೇಲೆ ಅಜ್ಜಿಯೇ ಬರೆಸಿದ ಅಷ್ಟು ಕಾರ್ಡುಗಳಿದ್ದವು. ಬೀದಿಯ ತುದಿಯವರೆಗೆ ಓಡಿದೆ. ಆಟೊ ಹೋಗಿ ಮೂರು ಗಂಟೆಯಾಗಿತ್ತು.

ಅವರನ್ನು ಸಂಜೆಯ ಬಸ್ಸಿಗೆ ಹತ್ತಿಸಿ ಬಂದಾಗ ಅಮ್ಮ ಹಜಾರದಲ್ಲೇ ಇದ್ದಳು, ಅವರೆಕಾಯಿ ಮೊರದಲ್ಲಿ ಹಾಗೇ ಇತ್ತು.

"ಹರೀವಾಗ ಏನಾದ್ರೂ ಕಾಣಿಸ್ತಾ? ಒಂದಕ್ಷರ?"

ಒಂದು ಸಾಲು ಕಟ್ಟಿ ಕೊಡಬಹುದಿತ್ತು. ನನಗೆ ಅದು ಕಷ್ಟವಲ್ಲ. ಅಮ್ಮ ನಂಬುತ್ತಿದ್ದಳು, ವರ್ಷ ಕಳೆದರೆ ನಾನೂ ನಂಬುತ್ತಿದ್ದೆ. ಹೆದರಿಕೆಯಾದದ್ದು ಅದಕ್ಕೇ.

"ಕಾಣಿಸ್ಲಿಲ್ಲಮ್ಮ," ಅಂದೆ. "ಹೆಬ್ಬೆರಳಿಗೆ ಕಪ್ಪು ಮೆತ್ಕೊಂಡಿತ್ತು. ತೊಳ್ಕೊಂಡ್ಬಿಟ್ಟೆ."

ಬರೆಯುವ ಮಸಿಯಾಗಿದ್ದರೆ ಅಷ್ಟು ವರ್ಷದ ಮೇಲೆ ಬೆರಳಿಗೆ ಹತ್ತುತ್ತಿರಲಿಲ್ಲ. ನಿಜವಾಗಿ ಹತ್ತಿತ್ತೋ, ಸೋದರಮಾವನ ಮಾತು ಕೇಳಿದ ಮೇಲೆ ನಾನು ಸೇರಿಸಿಕೊಂಡೆನೋ, ಇಂದಿಗೂ ಪ್ರಮಾಣ ಮಾಡಲಾರೆ.

ಅಮ್ಮ ನನ್ನ ಬಲಗೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು. ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ, ಉಗುರಿನ ಸಂದಿಯಲ್ಲಿ ಹುಡುಕತೊಡಗಿದಳು.