ನೆತ್ತಿಗೆ ಕಟ್ಟಿದ ಒದ್ದೆ ಗೋಣಿ

೧೯೮೪ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೇ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಗಾರೆ ಕೆಲಸ ಕಲಿತೆ, ಮೀಸೆ ಬಲಿಯುವ ಹೊತ್ತಿಗೆ ಮೇಸ್ತ್ರಿ ಎನಿಸಿಕೊಂಡೆ. ಮೈಸೂರಿನ ದಟ್ಟಗಳ್ಳಿಯಲ್ಲಿ ನಾನು ಹಾಕಿದ ತಾರಸಿಗಳು ಇಂದಿಗೂ ಒಂದು ಹನಿ ಸೋರಿಲ್ಲ. ನೆರಳಲ್ಲಿ ನಿಂತು ಬೆರಳು ತೋರಿಸುವ ಇಂಜಿನಿಯರುಗಳು ಈ ಮಾತು ಹೇಳಲಿ ನೋಡೋಣ.

ಬಿಸಿಲಿಗೆ ಹೆದರಿ ಟೋಪಿ ಇಟ್ಟುಕೊಳ್ಳುವ ಮೇಸ್ತ್ರಿಯನ್ನು ನಾನು ಲೆಕ್ಕಕ್ಕೇ ಹಿಡಿದವನಲ್ಲ. ಮೂವತ್ತಕ್ಕೇ ಕೂದಲು ಉದುರಿತು, ಮೈಬಣ್ಣ ಮೊದಲೇ ಬಿಳುಪು. ಅಲ್ಲಿಂದಾಚೆಗೆ ಇಪ್ಪತ್ತು ವರ್ಷದ ಬಿಸಿಲು ನೇರ ನೆತ್ತಿಗೇ ಬಿತ್ತು. ಹೋದ ವರ್ಷ ಅಲ್ಲಿ ಮರಳುಕಾಗದದಂತೆ ಒರಟಾದ ಐದು ಕೆಂಪು ಕಲೆಗಳು ಎದ್ದವು. ಉಗುರಿನಿಂದ ಕಿತ್ತರೂ ಮತ್ತೆ ಬಂದವು. ಕೊನೆಗೆ ಹೆಂಡತಿ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ನನ್ನ ಮಗಳ ವಯಸ್ಸಿನವರು. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ಮೇಲೆ ಹೇಳಿದರು: "ಇದು ಇನ್ನೂ ಕ್ಯಾನ್ಸರ್ ಅಲ್ಲ ಯಜಮಾನ್ರೇ. ಹೀಗೇ ಬಿಟ್ರೆ ಆಗಬಹುದು. ಮುಲಾಮು ಹಚ್ಚಿ ಕೆಂಪು ದೀಪ ಹಿಡೀತೀವಿ. ಕೆಟ್ಟ ಕಣಗಳು ಸಾಯ್ತವೆ."

"ದೀಪ ಹಿಡಿದ್ರೆ ಕಾಯಿಲೆ ಹೋಯ್ತದಾ? ಹಂಗಾದ್ರೆ ಗಂಟೇನೂ ಬಾರಿಸಿಬುಡಿ, ಮಂಗಳಾರತಿ ಮುಗೀಲಿ" ಎಂದೆ. ಹೆಂಡತಿ ತೊಡೆ ಚಿವುಟಿದಳು.

ಮುಲಾಮು ಹಚ್ಚಿ, ಮುಚ್ಚಿ, ಮೂರು ಗಂಟೆ ಕೂರಿಸಿದರು. ಮೂರು ಗಂಟೆಯಲ್ಲಿ ನಾನು ಒಂದು ಗೋಡೆ ಎಬ್ಬಿಸುತ್ತೇನೆ. ಆಮೇಲೆ ದೀಪ. ನೆತ್ತಿಗೆ ಮೆಣಸಿನಪುಡಿ ತಿಕ್ಕಿದ ಹಾಗಾಯಿತು.

"ಉರಿ ಆದ್ರೆ ಹೇಳಿ, ಫ್ಯಾನ್ ಇಡ್ತೀನಿ" ಎಂದಳು ನರ್ಸು.

"ಸಿಮೆಂಟಲ್ಲಿ ಕೈ ಬೇಯಿಸಿಕೊಂಡವನು ನಾನು. ಫ್ಯಾನು ನಿನಗೇ ಇಟ್ಕೊ ಕಣಮ್ಮ."

ಹೊರಡುವಾಗ ಅವಳು ಒಂದು ಹಾಳೆ ಕೊಟ್ಟಳು. "ಎರಡು ದಿನ ಬಿಸಿಲಿಗೆ ಹೋಗ್ಬೇಡಿ. ಉಳಿದಿದ್ದೆಲ್ಲ ಇದರಲ್ಲಿದೆ." ಮೇಲಿಂದ ಕೆಳಗೆ ಬರೀ ಇಂಗ್ಲಿಷ್. ಓದಲು ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮಡಿಸಿ ಜೇಬಿಗಿಟ್ಟೆ.

ಮಾರನೆಯ ದಿನ ವಿಜಯನಗರದ ಮನೆಯೊಂದಕ್ಕೆ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನ. ಅಂದು ಕೆಲಸ ಮುಗಿಯುವವರೆಗೆ ಮೇಸ್ತ್ರಿ ಮೇಲಿಂದ ಇಳಿಯಬಾರದು. ಸುರಿಯುವುದು ನಡುವೆ ನಿಂತರೆ ಸಂದು ಬಿದ್ದು ಸೋರುತ್ತದೆ.

"ಎರಡು ದಿನ ಅಂದವ್ರಲ್ರೀ, ಸುಮ್ನೆ ಕೂತ್ಕೊಳ್ಳಿ" ಎಂದಳು ಹೆಂಡತಿ.

"ಬಿಸಿಲು ಅಂದ್ರೆ ಕಾವು ಕಣೇ. ಕಾವು ತಡೆಯೋದು ನನಗೆ ಹೇಳ್ಕೊಡ್ಬೇಕಾ?"

ಹೊಸ ಕಂಬಕ್ಕೆ ಒದ್ದೆ ಗೋಣಿ ಸುತ್ತಿ ಬಿಸಿಲಿನಿಂದ ಕಾಯುವುದು ನಮ್ಮ ಪದ್ಧತಿ, ಅದಕ್ಕೆ ಕ್ಯೂರಿಂಗ್ ಅನ್ನುತ್ತೇವೆ. ಹಾಗೆಯೇ ಒಂದು ತುಂಡು ಗೋಣಿ ನೆನೆಸಿ ತಲೆಗೆ ಕಟ್ಟಿದೆ.

"ಮೇಸ್ತ್ರಿ ಕ್ಯೂರಿಂಗ್ ಆಗ್ತಾವ್ರೆ ಕಣ್ರೋ, ನೀರು ಹಾಕ್ರೋ!" ಎಂದು ಆಳುಗಳು ನಕ್ಕರು.

ಮಧ್ಯಾಹ್ನಕ್ಕೆ ನೆತ್ತಿ ಕೆಂಡವಾಯಿತು. ನೀರು ಸುರಿದುಕೊಂಡೆ, ಇಳಿಯಲಿಲ್ಲ. ಮೋಲ್ಡ್ ಮುಗಿಯಿತು. ಸಂಜೆಯೊಳಗೆ ಹಣೆ ಊದಿ ಕಣ್ಣು ಮುಚ್ಚಿಹೋದವು, ನೆತ್ತಿಯಲ್ಲಿ ನೀರುಗುಳ್ಳೆ.

ಬೆಳಿಗ್ಗೆ ಡಾಕ್ಟರು ನೋಡಿ ಹಣೆ ಚಚ್ಚಿಕೊಂಡರು. "ಕಾವಲ್ಲ ಯಜಮಾನ್ರೇ, ಬೆಳಕೇ ಬೀಳಬಾರದಿತ್ತು. ಮುಲಾಮಿನ ಗುಣ ಇನ್ನೂ ಚರ್ಮದಲ್ಲಿತ್ತು. ನಮ್ಮ ದೀಪ ಮಾಡೋ ಕೆಲಸಾನ ಸೂರ್ಯ ದಿನವಿಡೀ ಮಾಡಿದಾನೆ. ಗೋಣಿ ಸಂದೀಲಿ ಬೆಳಕು ತೂರಲ್ವಾ? ಹಾಳೇಲಿ ಬರೆದಿತ್ತಲ್ಲ?"

"ಮೈಸೂರಲ್ಲಿ ಕೂತು ಯಾರಿಗೆ ಬರೆದ್ರಿ ಆ ಇಂಗ್ಲಿಷ್ನ?"

"ಓದೋಕೆ ಬರಲ್ಲ ಅಂದಿದ್ರೆ ನಾನೇ ಹೇಳ್ತಿದ್ದೆ."

ಗೊತ್ತಿಲ್ಲದ್ದನ್ನು ಕೇಳದೆ ತಲೆಯಾಡಿಸುವ ಆಳನ್ನು ನಾನು ಅದೇ ದಿನ ಮನೆಗೆ ಕಳಿಸುತ್ತೇನೆ. ಮೊದಲ ಬಾರಿಗೆ ಅಂಥ ಮೂರ್ಖನೊಬ್ಬ ನನ್ನ ಅಂಗಿಯೊಳಗೇ ಕೂತಿದ್ದ. ಇಂಗ್ಲಿಷ್ ಹಾಳೆ ಕೊಟ್ಟವರ ಮೇಲಿನ ಸಿಟ್ಟು ಅದರಿಂದೇನೂ ಕಡಿಮೆಯಾಗಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ನೋಡಿದರು. ಈಗ ನೆತ್ತಿಯ ಮೇಲೆ ವಾಸಿಯಾದ ಬಿಳಿ ಗುರುತು ನಾಲ್ಕು, ಹೋಗದ ಒರಟು ಕಲೆ ಒಂದು. ಅದಕ್ಕಾಗಿ ದೀಪದ ಕೆಳಗೆ ಕೂರುವುದು ಇನ್ನೊಂದು ಸಲ. ನಾನು ಕೊಂಡ ಟೋಪಿ ಎರಡು.